ಉಡುಗೊರೆ ಸುತ್ತುವ ಬಟ್ಟೆಯ ಸೆಟ್: ಯಾವ ಅಳತೆ ಕೊಳ್ಳಬೇಕು, ಯಾವುದು ಬೇಡ

ಕ್ರಿಸ್‌ಮಸ್ ಉಡುಗೊರೆಯ ಹೊಳೆಯುವ ಕಾಗದವನ್ನು ಮುಷ್ಟಿಯಲ್ಲಿ ಹಿಸುಕಿ ಬಿಟ್ಟು ನೋಡಿ. ಮುದ್ದೆಯಾಗಿಯೇ ಉಳಿದರೆ ಅದು ಕಾಗದ. ತಾನಾಗಿ ಬಿಚ್ಚಿಕೊಂಡರೆ ಲೋಹದ ಲೇಪನವಿರುವ ಪ್ಲಾಸ್ಟಿಕ್ ಹಾಳೆ, ಕಾಗದದ ಮರುಬಳಕೆಗೆ ಸೇರುವುದಿಲ್ಲ. ಅಪ್ಪಟ ಕಾಗದವಾದರೂ ಮಿನುಗುಪುಡಿ ಮೆತ್ತಿದ್ದರೆ ಅದರ ಗತಿಯೂ ಕಸದ ಬುಟ್ಟಿಯೇ. ಇದಕ್ಕೆ ಬದಲಾಗಿ ಈಗ ವಸ್ತುವನ್ನು ಸುತ್ತಿ ಗಂಟು ಕಟ್ಟುವ, ಜಪಾನಿನ ಫುರೋಶಿಕಿ ಮಾದರಿಯ ಚೌಕ ಬಟ್ಟೆಗಳು ಸಿಗುತ್ತವೆ. 35, 50 ಮತ್ತು 70 ಸೆಂ.ಮೀ. ಅಳತೆಯ ಮೂರು ಹತ್ತಿ ಬಟ್ಟೆಗಳ ಸೆಟ್ ಹೇಗಿದೆ ಎಂದರೆ, ವಸ್ತು ಒಳ್ಳೆಯದು, ಅಳತೆಯ ಆಯ್ಕೆ ತಪ್ಪು.

ಉಡುಗೊರೆಯ ಉದ್ದದ ಮೂರರಷ್ಟು ಬಟ್ಟೆಯ ಮೂಲೆಯಿಂದ ಮೂಲೆಗೆ ಇರಬೇಕು ಎಂಬ ಲೆಕ್ಕವನ್ನು ಎಲ್ಲರೂ ಹೇಳುತ್ತಾರೆ. ಚಪ್ಪಟೆ ವಸ್ತುಗಳಿಗೆ ಅದು ಸರಿ, ಎತ್ತರದ ಡಬ್ಬಿಗೆ ಕೈಕೊಡುತ್ತದೆ. ನಂಬಬಹುದಾದ ಲೆಕ್ಕ ಬೇರೆ: ಟೇಪಿನಿಂದ ಡಬ್ಬಿಯ ಉದ್ದದ ಸುತ್ತು (ಮೇಲೆ, ಕೆಳಗೆ, ಎರಡು ತುದಿಗಳ ಎತ್ತರ ಸೇರಿ) ಅಳೆಯಿರಿ, ಗಂಟಿಗೆಂದು 20 ಸೆಂ.ಮೀ. ಸೇರಿಸಿ, ಬಂದದ್ದನ್ನು 1.4ರಿಂದ ಭಾಗಿಸಿ. ಅದೇ ಬಟ್ಟೆಯ ಬದಿಯ ಅಳತೆ. 22 ಸೆಂ.ಮೀ. ಉದ್ದ, 3 ಸೆಂ.ಮೀ. ದಪ್ಪದ ಪುಸ್ತಕದ ಸುತ್ತು 50. ಗಂಟು ಸೇರಿ 70. ಅಂದರೆ 50ರ ಬಟ್ಟೆ ಸರಿಯಾಗಿ ಸಾಕು. 33 ಸೆಂ.ಮೀ. ಉದ್ದ, 12 ಸೆಂ.ಮೀ. ಎತ್ತರದ ಶೂ ಡಬ್ಬಿಗೆ ಸುಮಾರು 79 ಬೇಕು. ಸೆಟ್ಟಿನ ಅತಿ ದೊಡ್ಡ ಬಟ್ಟೆಯೂ ಅಲ್ಲಿ ಸೋಲುತ್ತದೆ. 35ರದ್ದಂತೂ ಸೋಪಿಗೋ ಸಣ್ಣ ಆಭರಣದ ಪೆಟ್ಟಿಗೆಗೋ ಮಾತ್ರ. ಬಿಡಿಯಾಗಿ ಸಿಕ್ಕರೆ 50ರದ್ದು ಎರಡು, 90ರದ್ದು ಒಂದು ತೆಗೆದುಕೊಳ್ಳುವುದೇ ಲೇಸು. 70ರದ್ದು ಬಾಟಲಿಗೆ ಮಾತ್ರ ಅಚ್ಚುಕಟ್ಟು: ನಡುವೆ ನಿಲ್ಲಿಸಿ, ಎದುರುಬದುರಿನ ಎರಡು ಮೂಲೆಗಳನ್ನು ಮುಚ್ಚಳದ ಮೇಲೆ ಕಟ್ಟಿ, ಉಳಿದೆರಡನ್ನು ಹಿಂದೆ ದಾಟಿಸಿ ಮುಂದಕ್ಕೆ ತಂದು ಗಂಟು ಹಾಕಬೇಕು.

ಗಂಟು ಜಾರಿತೆಂದು ದೂರುವವರು ಹೆಚ್ಚಾಗಿ ಎರಡು ಸಲವೂ ಒಂದೇ ಕಡೆಯಿಂದ ಕಟ್ಟಿರುತ್ತಾರೆ. ಮೊದಲು ಬಲತುದಿ ಎಡತುದಿಯ ಮೇಲೆ, ಆಮೇಲೆ ಎಡತುದಿ ಬಲತುದಿಯ ಮೇಲೆ ಬರಬೇಕು. ಆಗ ಗಂಟು ಚಪ್ಪಟೆಯಾಗಿ ಕೂರುತ್ತದೆ. ಬಿಚ್ಚುವುದಕ್ಕೆ ಉಗುರು ಬೇಡ. ಒಂದು ತುದಿಯನ್ನು ಅದೇ ಬದಿಯ ಬಟ್ಟೆಯ ಜೊತೆಗೆ ಹಿಡಿದು ನೇರವಾಗಿ ಎಳೆದರೆ ಗಂಟು ಸಡಿಲಾಗಿ ಜಾರಿ ಬರುತ್ತದೆ.

ಸ್ಯಾಟಿನ್ ನೋಡಲು ಚೆಂದ, ಆದರೆ ಸರಿಯಾದ ಗಂಟೂ ಅದರಲ್ಲಿ ಸಡಿಲುತ್ತದೆ. ಅದು ಪಾಲಿಯೆಸ್ಟರ್ ಆಗಿದ್ದರೆ ಪ್ರತಿ ಒಗೆತಕ್ಕೂ ಪ್ಲಾಸ್ಟಿಕ್ಕಿನ ಸೂಕ್ಷ್ಮ ಎಳೆಗಳು ನೀರಿಗೆ ಹೋಗುತ್ತವೆ. ದಪ್ಪ ಕ್ಯಾನ್ವಾಸ್ ಗಂಟನ್ನು ಉಂಡೆಯಾಗಿಸುತ್ತದೆ. ತೆಳು ಹತ್ತಿಯೇ ಸರಿ, ಅದೂ ಎರಡು ಬದಿಯೂ ಒಂದೇ ಥರ ಕಾಣುವಂತೆ ನೇಯ್ದದ್ದು. ಒಂದೇ ಬದಿ ಮುದ್ರಿಸಿದ್ದರೆ ಗಂಟಿನ ತುದಿಯಲ್ಲಿ ಮಾಸಲು ಹಿಂಬದಿ ಕಾಣುತ್ತದೆ. ಅಂಚು ಎರಡು ಮಡಿಕೆ ಹಾಕಿ ಹೊಲಿದಿದೆಯೇ ನೋಡಿ. ಮಡಚದೆ ಬರೀ ಓವರ್‌ಲಾಕ್ ಮಾಡಿದ, ಅಂದರೆ ನೂಲು ಸುತ್ತಿ ಹೊಲಿದ ಅಂಚು ಕೆಲವು ಒಗೆತಗಳಲ್ಲೇ ನೂಲು ಬಿಡತೊಡಗುತ್ತದೆ.

ಹಬ್ಬದ ಕಡುಗೆಂಪು, ಕಡುಹಸಿರುಗಳ ವಿಷಯದಲ್ಲಿ ಎಚ್ಚರ ಬೇಕು. ಒದ್ದೆಯಾದ ಬಿಳಿ ಬಟ್ಟೆಯಿಂದ ಮೂಲೆಯೊಂದನ್ನು ಉಜ್ಜಿ. ಬಣ್ಣ ಹತ್ತಿದರೆ ತಣ್ಣೀರಿನಲ್ಲಿ ಬೇರೆಯಾಗಿ ನೆನೆಸಿ ತೊಳೆಯದೆ ಅದರಲ್ಲಿ ಪುಸ್ತಕವನ್ನೋ ತಿಳಿಬಣ್ಣದ ಉಡುಪನ್ನೋ ಸುತ್ತಬೇಡಿ. ಮೊದಲ ಒಗೆತಕ್ಕೆ ಹತ್ತಿ ಕೊಂಚ ಕುಗ್ಗುವುದರಿಂದ, ಲೆಕ್ಕಕ್ಕೆ ಸರಿಯಾಗಿ ಕೂರುವ ಬಟ್ಟೆಗಿಂತ ಒಂದೆರಡು ಸೆಂ.ಮೀ. ದೊಡ್ಡದನ್ನೇ ಆರಿಸಿ.

ಹತ್ತಿ ಬೆಳೆಯಲು, ಬಣ್ಣ ಹಾಕಲು ಬಹಳ ನೀರು ಬೇಕು. ಹೊಸ ಬಟ್ಟೆ ಕೊಂಡು ಒಂದೇ ಸಲ ಬಳಸುವುದು ಸಾದಾ ಕಾಗದಕ್ಕಿಂತ ಕೆಟ್ಟ ಆಯ್ಕೆ. ಹಾಗಾಗಿ ಈ ಸೆಟ್ಟಿನಲ್ಲಿ ನಿಜವಾಗಿ ಕಾಣೆಯಾಗಿರುವುದು ಸೂಚನೆ ಬರೆದ ಒಂದು ಚಿಕ್ಕ ಬಟ್ಟೆಪಟ್ಟಿ. ಪಡೆದವರು ಬಟ್ಟೆಯನ್ನು ಹಿಂದಿರುಗಿಸಬೇಕೋ ಮುಂದಕ್ಕೆ ಬಳಸಬೇಕೋ ತಿಳಿಯದೆ ಕಪಾಟಿಗೆ ಸೇರಿಸಿಬಿಡುತ್ತಾರೆ. ಅಂಚಿನಲ್ಲಿ ‘ಮುಂದಿನ ಉಡುಗೊರೆಗೆ ಬಳಸಿ’ ಎಂದು ನೀವೇ ಒಂದು ಪಟ್ಟಿ ಹೊಲಿಯಿರಿ. ಮನೆಯಲ್ಲಿ ಸವೆದ ಹತ್ತಿ ಹೊದಿಕೆ ಇದ್ದರೆ ಸೆಟ್ಟೇ ಬೇಕಿಲ್ಲ: ಸವೆಯದ ಅಂಚಿನ ಭಾಗದಿಂದ 94 ಸೆಂ.ಮೀ. ಚೌಕ ಕತ್ತರಿಸಿ, ಪ್ರತಿ ಬದಿಯಲ್ಲೂ 1 ಸೆಂ.ಮೀ.ನಂತೆ ಎರಡು ಸಲ ಮಡಚಿ ಹೊಲಿದರೆ 90ರ ಬಟ್ಟೆ ಸಿದ್ಧ. ಅನೇಕ ಸಲ ಒಗೆದದ್ದಾದ್ದರಿಂದ ಅದು ಇನ್ನು ಕುಗ್ಗುವ ಭಯವೂ ಕಡಿಮೆ.