ಓಪನ್‌ಸ್ಟ್ಯಾಕ್ಸ್ ಮೈಕ್ರೋಬಯಾಲಜಿ: ಹಾಸನದ ಕ್ವಿಜ್ ತಂಡದ ಜೊತೆ ಕೆಲವು ವರ್ಷ ಬಳಸಿದ ಮೇಲೆ

ರೇಟಿಂಗ್: ಐದಕ್ಕೆ ನಾಲ್ಕು.

ಹಾಸನದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಅಂತರ ಕಾಲೇಜು ಮೈಕ್ರೋಬಯಾಲಜಿ ಸ್ಪರ್ಧೆಗೆ ಬಿಎಸ್ಸಿ ಮಕ್ಕಳನ್ನು ತಯಾರು ಮಾಡುವ ಕೆಲಸ ಪ್ರತಿ ವರ್ಷ ನನ್ನ ತಲೆಗೇ ಬೀಳುತ್ತದೆ. ಮೊದಲು ಬರುವ ಪ್ರಶ್ನೆ ಒಂದೇ: "ಸಾರ್, ಯಾವ ಬುಕ್ ಓದಬೇಕು?" ಈಗ ನಾನು ಕೊಡುವ ಉತ್ತರ ಓಪನ್‌ಸ್ಟ್ಯಾಕ್ಸ್. ಆದರೆ ಪೂರ್ತಿ ಓದಬೇಡಿ ಅಂತಲೂ ಜೊತೆಗೇ ಹೇಳುತ್ತೇನೆ.

ಇದು ಅಮೆರಿಕದ ರೈಸ್ ವಿಶ್ವವಿದ್ಯಾಲಯದವರ ಉಚಿತ ಪಠ್ಯಪುಸ್ತಕ. ಬಂದದ್ದು 2016ರಲ್ಲಿ, ಒಟ್ಟು 26 ಅಧ್ಯಾಯ. ಪಿಡಿಎಫ್ ಇಳಿಸಿಕೊಳ್ಳಲು ದುಡ್ಡು ಬೇಡ. ಮೂಲದ ಹೆಸರು ಹಾಕಿದರೆ ಸಾಕು, ಜೆರಾಕ್ಸ್ ಮಾಡಿ ಹಂಚುವುದಕ್ಕೂ ಲೈಸೆನ್ಸ್‌ನಲ್ಲೇ ಅನುಮತಿ ಇದೆ. ಹಳ್ಳಿಯಿಂದ ಬಸ್ಸಲ್ಲಿ ಬಂದು ಹೋಗುವ ಮಕ್ಕಳಿಗೆ ಇದು ಸಣ್ಣ ವಿಷಯ ಅಲ್ಲ. ಒಂದು ಎಚ್ಚರಿಕೆ ಮಾತ್ರ: ಬೇಕಾದ ಅಧ್ಯಾಯಗಳನ್ನಷ್ಟೇ ತೆಗೆಸಿ, ಸ್ಪೈರಲ್ ಬೈಂಡಿಂಗ್ ಮಾಡಿಸಿ, ಆದರೆ ಗ್ರಾಮ್ ಸ್ಟೇನ್ (ಬಣ್ಣ ಹಾಕಿ ಬ್ಯಾಕ್ಟೀರಿಯಾಗಳನ್ನು ನೇರಳೆಯ ಪಾಸಿಟಿವ್, ಗುಲಾಬಿಯ ನೆಗೆಟಿವ್ ಅಂತ ಬೇರ್ಪಡಿಸುವ ವಿಧಾನ) ಚಿತ್ರಗಳಿರುವ ಪುಟಗಳನ್ನು ಕಲರ್‌ನಲ್ಲೇ ಹಾಕಿಸಿ. ಕಪ್ಪು ಬಿಳುಪಿನಲ್ಲಿ ನೇರಳೆಯೂ ಬೂದು, ಗುಲಾಬಿಯೂ ಬೂದು. ಪಾಸಿಟಿವ್ ಯಾವುದು, ನೆಗೆಟಿವ್ ಯಾವುದು ಅಂತ ಗೊತ್ತಾಗದ ಮೇಲೆ ಆ ಚಿತ್ರ ಯಾಕೆ ಬೇಕು?

ಈ ಪುಸ್ತಕ ಯಾರಿಗಾಗಿ ಬರೆದದ್ದು ಅನ್ನುವುದನ್ನು ಮರೆಯಬಾರದು. ನರ್ಸಿಂಗ್, ಲ್ಯಾಬ್ ಟೆಕ್ನಿಷಿಯನ್ ಥರದ ಕೋರ್ಸ್‌ಗೆ ಹೋಗುವವರನ್ನು ಮುಖ್ಯವಾಗಿ ಮನಸ್ಸಲ್ಲಿ ಇಟ್ಟುಕೊಂಡು ಮಾಡಿದ್ದು. ಹಾಗಾಗಿ 21ರಿಂದ 26ರವರೆಗಿನ ಅಧ್ಯಾಯಗಳು ಮೈಯ ಭಾಗದ ಲೆಕ್ಕದಲ್ಲಿವೆ: ಚರ್ಮ ಮತ್ತು ಕಣ್ಣು, ಉಸಿರಾಟ, ಜೀರ್ಣಾಂಗ, ಹೀಗೆ. ಅಲ್ಲಿ ರೋಗಗಳ ಕೋಷ್ಟಕಗಳು ಬರುತ್ತವೆ. ಯಾವ ಕ್ರಿಮಿ, ಹೇಗೆ ಹರಡುತ್ತದೆ, ಯಾವ ಪರೀಕ್ಷೆ, ಯಾವ ಔಷಧ, ಲಸಿಕೆ ಇದೆಯಾ, ಎಲ್ಲ ಒಂದೇ ಸಾಲಿನಲ್ಲಿ. ಬಜರ್ ಸುತ್ತಿಗೆ ಇದಕ್ಕಿಂತ ಒಳ್ಳೆಯ ಸರಕು ಬೇರೆ ಸಿಕ್ಕಿಲ್ಲ. ನಮ್ಮ ಮಕ್ಕಳು ಈ ಕೋಷ್ಟಕಗಳನ್ನೇ ಆಂಕಿ ಆ್ಯಪ್‌ನಲ್ಲಿ ಕಾರ್ಡ್ ಮಾಡಿಕೊಂಡು ಬಸ್ಸಲ್ಲಿ ತಿರುವುತ್ತಾರೆ. ಆಂಡ್ರಾಯ್ಡ್ ಫೋನಿಗೆ ಅದೂ ಉಚಿತ.

ಆದರೆ ಸ್ಪರ್ಧೆಯಲ್ಲಿ ತಂಡಗಳು ಸೋಲುವುದು ರೋಗದ ಹೆಸರಿನಲ್ಲಿ ಅಲ್ಲ, ಲೆಕ್ಕದಲ್ಲಿ. ಅದಕ್ಕೆ 9ನೇ ಅಧ್ಯಾಯ, ಅಂದರೆ ಸೂಕ್ಷ್ಮಜೀವಿಗಳ ಬೆಳವಣಿಗೆ. ಒಂದು ಮಾದರಿ ನೋಡಿ. ಮೂಲ ದ್ರಾವಣವನ್ನು ಲಕ್ಷದ ಒಂದು ಪಾಲಿಗೆ ತೆಳು ಮಾಡಿ, ಅದರಲ್ಲಿ 0.1 ಮಿಲಿ ಪ್ಲೇಟಿಗೆ ಹಾಕಿದ್ದೀರಿ. ಮಾರನೇ ದಿನ 150 ಕಾಲೊನಿ, ಅಂದರೆ ಬ್ಯಾಕ್ಟೀರಿಯಾ ಬೆಳೆದು ಆದ ಚುಕ್ಕೆಗಳು, ಎಣಿಸಿದಿರಿ. ಮೂಲದಲ್ಲಿ ಮಿಲಿಗೆ ಎಷ್ಟು ಬ್ಯಾಕ್ಟೀರಿಯಾ? ಅರ್ಧ ಸಭಾಂಗಣ "ಒಂದೂವರೆ ಕೋಟಿ" ಅನ್ನುತ್ತದೆ. 150ನ್ನು ಲಕ್ಷದಿಂದ ಗುಣಿಸಿದರೆ ಅಷ್ಟೇ ಬರುತ್ತದೆ, ನಿಜ. ಆದರೆ ಪ್ಲೇಟಿಗೆ ಬಿದ್ದದ್ದು ಒಂದು ಮಿಲಿ ಅಲ್ಲ, ಅದರ ಹತ್ತನೇ ಒಂದು ಪಾಲು. ಉತ್ತರ 15 ಕೋಟಿ. 30ರಿಂದ 300ರೊಳಗಿನ ಕಾಲೊನಿ ಇರುವ ಪ್ಲೇಟನ್ನೇ ಯಾಕೆ ಎಣಿಸಬೇಕು ಅನ್ನುವುದೂ ಇದರ ಜೊತೆಗೇ ಬರುವ ಪ್ರಶ್ನೆ. ಈ ಅಧ್ಯಾಯವನ್ನು ಪೆನ್ನು ಹಿಡಿದು ಓದಿಸಿ. ಸುಮ್ನೆ ಕಣ್ಣಾಡಿಸಿದರೆ ಏನೂ ಉಳಿಯುವುದಿಲ್ಲ.

13ನೇ ಅಧ್ಯಾಯವೂ ಹಾಗೇ. ಆಟೋಕ್ಲೇವ್‌ಗೆ (ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಲ್ಯಾಬಿನ ಕುಕ್ಕರ್) 121 ಡಿಗ್ರಿ, 15 ನಿಮಿಷ ಅಂತ ಎಲ್ಲರೂ ಬಾಯಿಪಾಠ ಹೇಳುತ್ತಾರೆ. ಕುದಿಯುವ ನೀರು ಯಾಕೆ ಸಾಲದು ಅಂತ ಕೇಳಿದರೆ ಎಂಡೋಸ್ಪೋರ್ (ಕುದಿಯುವ ನೀರನ್ನೂ ತಡೆದುಕೊಳ್ಳುವ, ಕೆಲವು ಬ್ಯಾಕ್ಟೀರಿಯಾಗಳ ಗಟ್ಟಿ ರೂಪ) ತನಕ ಹೋಗುವವರು ಕಡಿಮೆ. ಈ ಪುಸ್ತಕ ಆ "ಯಾಕೆ"ಯನ್ನು ಬಿಡಿಸಿ ಹೇಳುತ್ತದೆ.

ಇನ್ನು ಹೋದ ಆ ಒಂದು ಸ್ಟಾರ್. ಹೊಲ, ತೋಟ, ಅಡುಗೆಮನೆ ಈ ಪುಸ್ತಕದಲ್ಲಿ ತೀರಾ ಕಡಿಮೆ. ಮಣ್ಣಿನ ಬಗ್ಗೆ, ಆಹಾರದ ಬಗ್ಗೆ ಒಂದು ಪೂರ್ತಿ ಅಧ್ಯಾಯ ಇಲ್ಲ. ನಮ್ಮ ಕಡೆಯ ಕ್ವಿಜ್ ಮಾಸ್ಟರ್‌ಗಳು ಇಡ್ಲಿ ಹಿಟ್ಟಿನ ಬಗ್ಗೆ ಕೇಳದೆ ಬಿಡುವುದಿಲ್ಲ. ಯೀಸ್ಟ್ ಅಂತ ಬಜರ್ ಒತ್ತುತ್ತಾರೆ ಮಕ್ಕಳು. ಬ್ರೆಡ್ಡಿಗೆ ಅದು ಸರಿ. ಇಡ್ಲಿ ಹಿಟ್ಟು ಉಬ್ಬಿಸುವ ಕೆಲಸದಲ್ಲಿ ಮುಂದಿರುವುದು ಲ್ಯೂಕೊನೊಸ್ಟಾಕ್ ಮೆಸೆಂಟರಾಯ್ಡಿಸ್ ಅನ್ನುವ ಬ್ಯಾಕ್ಟೀರಿಯಾ. ಮಂಗನ ಕಾಯಿಲೆಗೂ ಇಲ್ಲಿ ಪಾಠ ಇಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಲ್ಲಿ ಪತ್ತೆಯಾದದ್ದು, ಫ್ಲೇವಿವೈರಸ್, ಹರಡುವುದು ಉಣುಗಿನಿಂದ. ಪಕ್ಕದ ಚಿಕ್ಕಮಗಳೂರಿನಲ್ಲೂ ಕಾಣಿಸಿಕೊಳ್ಳುವ ರೋಗ, ಪ್ರಶ್ನೆ ಬಾರದೆ ಇರುತ್ತದಾ? ಕಾಫಿ ಎಲೆ ತುಕ್ಕು ರೋಗದ ಹೆಮಿಲಿಯಾ ವಾಸ್ಟಾಟ್ರಿಕ್ಸ್ ಕೂಡ ಬೇರೆ ಕಡೆಯಿಂದಲೇ ಹುಡುಕಬೇಕು. ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ಇರುವಾಗ ನಮ್ಮ ಮಕ್ಕಳು ಇದರಲ್ಲಿ ತಡವರಿಸಬಾರದು ಅಲ್ವಾ. ಬದುಕಿರುವ ಕಾಫಿ ಎಲೆ ಬಿಟ್ಟರೆ ಅದು ಲ್ಯಾಬಿನಲ್ಲಿ ಸೂಕ್ಷ್ಮಜೀವಿ ಬೆಳೆಸುವ ಮಾಮೂಲಿ ಅಗಾರ್ ಮೇಲೆ ಬೆಳೆಯುವುದಿಲ್ಲ ಅನ್ನುವುದನ್ನು ಬರೆದುಕೊಳ್ಳಿ. ಈ ಕೊರತೆಗೆ ಮೊದಲ ಮದ್ದು ದ್ವಿತೀಯ ಪಿಯುಸಿ ಜೀವಶಾಸ್ತ್ರದ ಸೂಕ್ಷ್ಮಜೀವಿಗಳ ಪಾಠ. ಪುಟ ಕಡಿಮೆ, ಪ್ರಶ್ನೆ ಜಾಸ್ತಿ. ಡಿಗ್ರಿಗೆ ಬಂದ ಮೇಲೆ ಅದನ್ನು ಯಾರೂ ತೆರೆಯುವುದಿಲ್ಲ, ಅದೇ ಸಮಸ್ಯೆ.

ಆಲೂಗಡ್ಡೆ ವಿಷಯದಲ್ಲಿ ಮಾತ್ರ ಪುಸ್ತಕ ಸರಿಯಾಗಿದೆ. ನಮ್ಮ ಜಿಲ್ಲೆಯ ರೈತರಿಗೆ ಅಂಗಮಾರಿ ಅಂದರೆ ಹೆದರಿಕೆ. ಅದನ್ನು ತರುವ ಫೈಟಾಫ್ತೊರಾ ನೋಡಲು ಶಿಲೀಂಧ್ರದ ಹಾಗಿದ್ದರೂ ಶಿಲೀಂಧ್ರ ಅಲ್ಲ, ಊಮೈಸೀಟ್ ಅನ್ನುವ ಬೇರೆಯೇ ಗುಂಪಿನ ಜೀವಿ. ಅದರ ಜೀವಕೋಶದ ಗೋಡೆಯಲ್ಲಿ ಶಿಲೀಂಧ್ರಗಳಲ್ಲಿರುವ ಕೈಟಿನ್ ಬದಲು ಮುಖ್ಯವಾಗಿ ಸೆಲ್ಯುಲೋಸ್ ಇರುತ್ತದೆ. 5ನೇ ಅಧ್ಯಾಯದಲ್ಲಿ ಇದನ್ನು ಶಿಲೀಂಧ್ರಗಳಿಂದ ಬೇರೆ ಇಟ್ಟಿದ್ದಾರೆ. ದುಡ್ಡು ಕೊಟ್ಟು ತರಿಸಿದ್ದ ಒಂದು ಪ್ರಶ್ನೆ ಬ್ಯಾಂಕಿನಲ್ಲಿ (ಹೆಸರು ಬೇಡ ಬಿಡಿ) ಉತ್ತರ "ಫಂಗಸ್" ಅಂತಲೇ ಇತ್ತು. ಅದರ ಅರ್ಧ ಪ್ರಶ್ನೆಗಳು ಬೇರೆ ಬೇರೆ ಪುಟದಲ್ಲಿ ಮತ್ತೆ ಮತ್ತೆ ಬರುತ್ತಿದ್ದವು. ಈಗ ಅದು ಲ್ಯಾಬಿನ ಕಪಾಟಿನ ಮೇಲೆ ಧೂಳು ತಿನ್ನುತ್ತಿದೆ.

ಹಳೆಯ ಹೆಸರುಗಳ ಕಾಟವೂ ಇದೆ. 2021ರಲ್ಲಿ ಬ್ಯಾಕ್ಟೀರಿಯಾ ಫೈಲಮ್‌ಗಳ (ವರ್ಗೀಕರಣದ ದೊಡ್ಡ ಗುಂಪುಗಳ) ಹೆಸರು ಬದಲಾದವು. ಫರ್ಮಿಕ್ಯೂಟ್ಸ್ ಈಗ ಬ್ಯಾಸಿಲ್ಲೋಟಾ, ಪ್ರೋಟಿಯೋಬ್ಯಾಕ್ಟೀರಿಯಾ ಈಗ ಸ್ಯೂಡೊಮೊನಡೋಟಾ. ಪುಸ್ತಕ ಅದಕ್ಕಿಂತ ಮೊದಲಿನದು. ಎರಡೂ ಹೆಸರು ಕಲಿಸಿ, ಯಾವುದಕ್ಕೆ ಅಂಕ ಅಂತ ಸ್ಪರ್ಧೆ ಶುರುವಾಗುವ ಮೊದಲೇ ಕ್ವಿಜ್ ಮಾಸ್ಟರ್ ಹತ್ತಿರ ಕೇಳಿಕೊಳ್ಳಿ.

ಐಐಟಿ, ಐಐಎಸ್ಸಿಗಳ ಆನ್‌ಲೈನ್ ಪಾಠಗಳಾದ ಎನ್‌ಪಿಟಿಇಎಲ್ ವಿಡಿಯೊಗಳು ಚೆನ್ನಾಗಿವೆ, ಆದರೆ ಸ್ಪರ್ಧೆಗೆ ತಿಂಗಳು ಇರುವಾಗ ಅಷ್ಟು ಗಂಟೆ ಕೂರಲು ಯಾರಿಗೂ ಆಗುವುದಿಲ್ಲ. ಕಾಗದದ ಸೂಕ್ಷ್ಮದರ್ಶಕ ಫೋಲ್ಡ್‌ಸ್ಕೋಪ್ ತರಿಸಿದ್ದೆವು. 140 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಕೆರೆ ನೀರಿನ ಪ್ಯಾರಮೀಸಿಯಂ ನೋಡಲು ಮಜಾ, ಗ್ರಾಮ್ ಸ್ಟೇನ್ ಓದಲು ಸಾಲದು. ಅದಕ್ಕೆ ಎಣ್ಣೆ ಹನಿ ಹಾಕಿ ನೋಡುವ ಆಯಿಲ್ ಇಮ್ಮರ್ಷನ್ ಲೆನ್ಸ್, 1000 ಪಟ್ಟು ಬೇಕೇ ಬೇಕು.

ದಪ್ಪ ವಿದೇಶಿ ಪುಸ್ತಕ ಕೊಳ್ಳಬೇಕಾ ಅಂತ ಕೆಲವು ಪೋಷಕರು ಕೇಳುತ್ತಾರೆ. ಎಂಎಸ್ಸಿ ಮಾಡುವ ಯೋಚನೆ ಇದ್ದರೆ ಕೊಳ್ಳಿ. ಬರೀ ಸ್ಪರ್ಧೆಗೆ ಅಂದರೆ ಬೇಡ. ಆ ದುಡ್ಡಲ್ಲಿ ಲ್ಯಾಬಿಗೆ ಒಂದು ಡಬ್ಬ ನ್ಯೂಟ್ರಿಯೆಂಟ್ ಅಗಾರ್ ತರಿಸಿ, ಮಕ್ಕಳ ಕೈಯಲ್ಲೇ ಕಾಲೊನಿ ಎಣಿಸಿಸಿ. 15 ಕೋಟಿಯ ಲೆಕ್ಕ ಆಮೇಲೆ ತಪ್ಪುವುದಿಲ್ಲ.