ಟ್ರೇಯಲ್ಲಿ ಸಸಿ ಮಾಡುವುದೋ, ನೇರವಾಗಿ ಬಿತ್ತುವುದೋ?

ಯಾವ ತರಕಾರಿ ಎಂದು ಗೊತ್ತಾದರೆ ಅರ್ಧ ಉತ್ತರ ಸಿಕ್ಕಂತೆಯೇ. ಕ್ಯಾರೆಟ್, ಮೂಲಂಗಿಗೆ ಟ್ರೇ ಬೇಡವೇ ಬೇಡ. ಕಿತ್ತು ನೆಟ್ಟರೆ ತಾಯಿಬೇರಿಗೆ ಪೆಟ್ಟಾಗಿ ಗೆಡ್ಡೆ ಕವಲೊಡೆಯುತ್ತದೆ. ಬೀನ್ಸ್, ಬಟಾಣಿಯನ್ನೂ ನೆಲಕ್ಕೇ ಊರಿ.

ಟೊಮೆಟೊ, ಬದನೆ, ಮೆಣಸಿನಕಾಯಿಯ ಲೆಕ್ಕ ಬೇರೆ. ಬೀಜ ಸಣ್ಣದು, ಎಳೆಯ ಸಸಿ ನಿಧಾನಿ. ನೇರ ಬಿತ್ತಿದರೆ ಮಳೆಗೆ ಕೊಚ್ಚಿಹೋಗಬಹುದು, ಕಳೆಯ ನಡುವೆ ಕಳೆದುಹೋಗಬಹುದು. ಟ್ರೇಯಲ್ಲಾದರೆ ಬಿಸಿಲು, ನೀರು ಎರಡೂ ನಿಮ್ಮ ಕೈಯಲ್ಲಿ. 25ರಿಂದ 30 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿದ್ದರೆ ಟೊಮೆಟೊ ಸಾಮಾನ್ಯವಾಗಿ ಒಂದು ವಾರದ ಆಸುಪಾಸಿನಲ್ಲಿ ಮೊಳೆಯುತ್ತದೆ. ಮೆಣಸಿನಕಾಯಿ ಇನ್ನೂ ಸತಾಯಿಸುತ್ತದೆ. ಬೇಸತ್ತು ಮಣ್ಣು ಕೆದಕಬೇಡಿ.

ಹಾಗೆಂದು ಟ್ರೇ ಸುಲಭದ ದಾರಿಯಲ್ಲ. ಬೆಳಕು ಸಾಲದಿದ್ದರೆ ಸಸಿ ಉದ್ದಕ್ಕೆ ಬಡಕಲಾಗಿ ಏಳುತ್ತದೆ. ನೀರು ಹೆಚ್ಚಾದರೆ ಬುಡ ಕೊಳೆತು ಸಾಲುಸಾಲಾಗಿ ಮಲಗುತ್ತದೆ. ಕಿಟಕಿಯ ಬಳಿ ಇಟ್ಟರೆ ಸಾಕು ಎನ್ನುವವರ ಮಾತು ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಒಳಗೆ ಬೆಳೆದದ್ದನ್ನು ಹೊರಗೆ ನೆಡುವ ಮುನ್ನ ಒಂದು ವಾರ, ದಿನಕ್ಕೆ ಸ್ವಲ್ಪ ಸ್ವಲ್ಪವೇ ಬಿಸಿಲಿಗೆ ಹೊಂದಿಸಬೇಕು. ಇಷ್ಟು ವ್ಯವಧಾನವಿಲ್ಲದಿದ್ದರೆ ನೇರ ಬಿತ್ತನೆಯ ಬೆಳೆಗಳನ್ನೇ ಆರಿಸಿಕೊಳ್ಳಿ.

ಸೌತೆ, ಕುಂಬಳ, ಹೀರೆ ಎರಡಕ್ಕೂ ಸಲ್ಲುತ್ತವೆ, ಆದರೆ ಬೇರು ಅಲುಗಿದರೆ ಮುನಿಸಿಕೊಳ್ಳುತ್ತವೆ. ಮೊದಲೇ ಸಸಿ ಮಾಡುವುದಾದರೆ ಕಾಗದದ ಲೋಟದಲ್ಲಿ ಒಂದೊಂದೇ ಬೀಜ ಹಾಕಿ. ನೆಡುವಾಗ ಲೋಟವನ್ನು ಹರಿದು ತೆಗೆದು, ಮಣ್ಣಿನ ಉಂಡೆ ಒಡೆಯದಂತೆ ಇಳಿಸಿ. ಬಿತ್ತನೆಯ ಆಳ ಎಲ್ಲಾದರೂ ಬೀಜದ ದಪ್ಪದ ಎರಡರಷ್ಟಿದ್ದರೆ ಆಯಿತು.