ಹಳೆಯ ಸ್ವಿಫ್ಟ್‌ಗೆ ನಾಲ್ಕೂ ಶಾಕ್ಸ್ ಬದಲಾವಣೆ: ‘ಎರಡು ಗಂಟೆ ಸಾಕು’ ಅನ್ನುವ ಗ್ಯಾರೇಜ್ ಬೇಡ

ಶಾಕ್ ಅಬ್ಸಾರ್ಬರ್ ಕೆಲಸಕ್ಕೆ ಎಷ್ಟು ಹೊತ್ತು ಬೇಕು ಅಂತ ಕೇಳಿದರೆ ಎಷ್ಟೋ ಗ್ಯಾರೇಜುಗಳಲ್ಲಿ ಸಿಗುವ ಉತ್ತರ ‘ಎರಡು ಗಂಟೆ’. 2005ರಲ್ಲಿ ಬಂದ ಮೊದಲ ತಲೆಮಾರಿನ ಮಾರುತಿ ಸ್ವಿಫ್ಟ್‌ನಂಥ ಕಾರಿಗೆ ನಾಲ್ಕೂ ಶಾಕ್ಸ್ ಸರಿಯಾಗಿ ಹಾಕಲು, ವೀಲ್ ಅಲೈನ್‌ಮೆಂಟ್ ಸೇರಿ, ನಾಲ್ಕರಿಂದ ಐದು ಗಂಟೆ ಬೇಕು. ಬೋಲ್ಟುಗಳಿಗೆ ತುಕ್ಕು ಕಚ್ಚಿದ್ದರೆ ಇಡೀ ದಿನ. ಎರಡೇ ಗಂಟೆಯಲ್ಲಿ ಕೀ ಕೈಗೆ ಕೊಟ್ಟರೆ ಯಾವುದೋ ಕೆಲಸ ಬಾಕಿ ಉಳಿದಿದೆ ಎಂದೇ ಲೆಕ್ಕ.

ಹಿಂದಿನ ಜೋಡಿ ಬೇಗ ಆಗುತ್ತದೆ. ಸ್ವಿಫ್ಟ್‌ನಲ್ಲಿ ಹಿಂದೆ ಟಾರ್ಷನ್ ಬೀಮ್ (ಎರಡೂ ಹಿಂದಿನ ಚಕ್ರಗಳನ್ನು ಕೂಡಿಸುವ ಉಕ್ಕಿನ ತೊಲೆ) ಇದೆ. ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಹಾಗಾಗಿ ಸ್ಪ್ರಿಂಗ್ ಒತ್ತುವ ತಾಪತ್ರಯ ಇಲ್ಲ, ಎರಡೂ ಬದಿಗೆ ಸೇರಿ ಒಂದು ಗಂಟೆ ಸಾಕು. ಆದರೆ ಕೆಳಗಿನ ಬೋಲ್ಟು ಬಿಚ್ಚುವ ಮೊದಲೇ ಬೀಮ್‌ಗೆ ಜಾಕ್ ಕೊಟ್ಟಿರಬೇಕು. ಕೊಡದಿದ್ದರೆ ಬೀಮ್ ಕೆಳಗೆ ಜಾರಿ ಬ್ರೇಕ್ ಹೋಸ್ ಎಳೆಯುತ್ತದೆ, ಸ್ಪ್ರಿಂಗ್ ತಾನು ಕೂರುವ ತಟ್ಟೆಯಿಂದ (ಸೀಟು) ಹೊರಬೀಳುತ್ತದೆ.

ಹೊತ್ತು ತಿನ್ನುವುದು ಮುಂಭಾಗ. ಅಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಶಾಕ್, ಸ್ಪ್ರಿಂಗ್, ಮೇಲಿನ ಮೌಂಟ್ (ಸ್ಟ್ರಟ್ಟನ್ನು ಕಾರಿಗೆ ಹಿಡಿಸುವ ರಬ್ಬರ್ ಭಾಗ), ಬೇರಿಂಗ್ ಎಲ್ಲ ಒಂದೇ ಜೋಡಣೆ. ಚಕ್ರ ತೆಗೆದು, ಬ್ರೇಕ್ ಹೋಸನ್ನೂ ಎಬಿಎಸ್ ಇದ್ದರೆ ಅದರ ವೈರನ್ನೂ ಸ್ಟ್ರಟ್‌ನಿಂದ ಬಿಡಿಸಿ, ಚಕ್ರ ಕೂರುವ ಲೋಹದ ಭಾಗವಾದ ನಕಲ್‌ಗೆ (knuckle) ಹಿಡಿದ ಎರಡು ಬೋಲ್ಟು ಬಿಚ್ಚಬೇಕು. ಆಗ ನಕಲ್ ಹೊರಕ್ಕೆ ವಾಲುತ್ತದೆ. ಅದನ್ನು ತಂತಿಯಿಂದ ಕಟ್ಟಿ ನಿಲ್ಲಿಸದಿದ್ದರೆ ಚಕ್ರಕ್ಕೆ ಎಂಜಿನ್ ಶಕ್ತಿ ಒಯ್ಯುವ ಡ್ರೈವ್‌ಶಾಫ್ಟ್‌ನ ಒಳ ಜಾಯಿಂಟ್ ಕಳಚಬಹುದು. ಸ್ಟ್ರಟ್ ಹೊರಬಂದ ಮೇಲೆ ಸ್ಪ್ರಿಂಗ್ ಕಂಪ್ರೆಸರ್ ಹಾಕಿ ಎರಡೂ ಕಡೆ ಸಮನಾಗಿ ಒತ್ತಬೇಕು. ಸ್ಪ್ರಿಂಗ್ ಮೇಲಿನ ಸೀಟು ಸಡಿಲವಾದ ನಂತರವೇ ನಡುವಿನ ನಟ್ಟಿಗೆ ಕೈ ಹಚ್ಚಬೇಕು. ಒತ್ತದೆ ನಟ್ಟು ತೆಗೆದರೆ ಸ್ಪ್ರಿಂಗ್ ಸಿಡಿದು ಜೀವಕ್ಕೇ ಅಪಾಯ. ಇದರಲ್ಲಿ ಅವಸರ ಮಾಡುವ ಮೆಕ್ಯಾನಿಕ್‌ಗೆ ಗಾಡಿ ಕೊಡಲೇಬೇಡಿ.

ಹೊಸ ಶಾಕ್ ಹಾಕುವ ಮುನ್ನ ಅದನ್ನು ನೆಟ್ಟಗೆ ಹಿಡಿದು ಮೂರ್ನಾಲ್ಕು ಸಲ ಪೂರ್ತಿ ಒತ್ತಿ ಎಳೆಯಬೇಕು, ಒಳಗಿನ ಗಾಳಿ ಸರಿಯಲಿ ಅಂತ. ಸ್ಪ್ರಿಂಗ್‌ನ ತುದಿ ಕೆಳ ಸೀಟಿನ ಮೆಟ್ಟಿಲಿಗೆ ಸರಿಯಾಗಿ ಕೂರಬೇಕು. ನಟ್ಟು ಬಿಗಿಯುವಾಗ ಶಾಕ್‌ನ ರಾಡ್ ತಿರುಗುತ್ತದೆಂದು ಕೆಲವರು ಅದನ್ನು ಪ್ಲೈಯರ್‌ನಲ್ಲಿ ಕಚ್ಚಿ ಹಿಡಿಯುತ್ತಾರೆ. ಕ್ರೋಮ್ ಮೇಲೆ ಬಿದ್ದ ಆ ಗೀರು ರಸ್ತೆಯ ಪ್ರತಿ ಗುಂಡಿಗೂ ಆಯಿಲ್ ಸೀಲನ್ನು ಉಜ್ಜುತ್ತದೆ, ಕೆಲವೇ ತಿಂಗಳಲ್ಲಿ ಹೊಸ ಶಾಕ್ ಸೋರಲು ಶುರು. ರಾಡ್‌ನ ತುದಿಯನ್ನು ಅದಕ್ಕೆ ತಕ್ಕ ಕೀಲಿಯಿಂದ ಹಿಡಿದು ರಿಂಗ್ ಸ್ಪ್ಯಾನರ್‌ನಲ್ಲಿ ತಿರುಗಿಸುವುದೇ ಸರಿಯಾದ ಕ್ರಮ. ಎರಡೂ ಬದಿಗೆ ಇಷ್ಟಕ್ಕೆ ಎರಡೂವರೆ ಗಂಟೆ.

ಹಳೆ ಗಾಡಿಯಲ್ಲಿ ಶಾಕ್ ಮಾತ್ರ ಬದಲಿಸಿ ಹಳೆ ಮೌಂಟ್, ಬೇರಿಂಗ್, ಬಂಪ್ ಸ್ಟಾಪ್ (ಶಾಕ್ ಪೂರ್ತಿ ಒತ್ತಿದಾಗ ತಡೆಯುವ ರಬ್ಬರ್), ಡಸ್ಟ್ ಕವರ್‌ಗಳನ್ನೇ ಮತ್ತೆ ಹಾಕುವುದು ದುಡ್ಡು ಉಳಿಸುವ ದಾರಿಯಲ್ಲ. ರಬ್ಬರ್ ಬಿರುಕು ಬಿಟ್ಟಿದ್ದರೆ ಹದಿನೈದು ದಿನಕ್ಕೇ ‘ಟಕ್ ಟಕ್’ ಶುರುವಾಗಿ, ಅದೇ ಬಿಚ್ಚಾಟಕ್ಕೆ ಮತ್ತೆ ಕೂಲಿ ತೆರಬೇಕು.

ಮಂಗಳೂರು, ಉಡುಪಿ, ಕಾರವಾರದ ಗಾಡಿಗಳಿಗೆ ಹೆಚ್ಚು ಹೊತ್ತು ಇಟ್ಟುಕೊಳ್ಳಿ. ಉಪ್ಪುಗಾಳಿಗೆ ಹಿಂದಿನ ಶಾಕ್‌ನ ಕೆಳ ಬೋಲ್ಟು ಅದು ಹಾಯುವ ಬುಷ್‌ನ (ರಬ್ಬರ್ ಸುತ್ತಿದ ಕೂಡಿಕೆ) ಉಕ್ಕಿನ ಕೊಳವೆಗೇ ಅಂಟಿಕೊಂಡಿರುತ್ತದೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಟ್ಟರೆ ಎಷ್ಟೋ ಸಲ ಬಚಾವು. ಇಲ್ಲವಾದರೆ ಗ್ರೈಂಡರ್‌ನಿಂದ ಕತ್ತರಿಸಿ ಹೊಸ ಬೋಲ್ಟು ತರಿಸಬೇಕು, ಒಂದೊಂದು ಬದಿಗೂ ಗಂಟೆ ಹೆಚ್ಚು.

ಎಲ್ಲಿ ಮಾಡಿಸುವುದು? ಕಂಪನಿ ವರ್ಕ್‌ಶಾಪ್‌ನಲ್ಲಿ ಪಾರ್ಟ್ಸ್ ಬಗ್ಗೆ ಅನುಮಾನವಿಲ್ಲ, ಆದರೆ ಸರದಿ ಇರುವುದರಿಂದ ಗಾಡಿ ಸಂಜೆಗೇ ಕೈಸೇರುವುದು. ಸಸ್ಪೆನ್ಷನ್ ಕೆಲಸವನ್ನೇ ಮಾಡುವ, ಅಲೈನ್‌ಮೆಂಟ್ ಯಂತ್ರವನ್ನೂ ಇಟ್ಟುಕೊಂಡ ಗ್ಯಾರೇಜ್ ನಮ್ಮ ಮೊದಲ ಆಯ್ಕೆ. ಮನೆ ಬಾಗಿಲಿಗೆ ಬರುವ ಸೇವೆ ಹಿಂದಿನ ಜೋಡಿಗೆ ಪರವಾಗಿಲ್ಲ, ಮುಂದಿನದಕ್ಕೆ ಬೇಡವೇ ಬೇಡ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ನೀವೇ ಪಾರ್ಟ್ಸ್ ಕೊಳ್ಳುವುದಾದರೆ ಬಿಲ್ ಪಡೆಯಿರಿ, ಜೋಡಿಯಾಗಿಯೇ ತನ್ನಿ. ಬಣ್ಣ ಬಳಿದ ರೀಕಂಡಿಷನ್ ಶಾಕ್ಸ್ ಎಷ್ಟೇ ಅಗ್ಗವಾದರೂ ಬೇಡ.

ಗಾಡಿ ತೆಗೆದುಕೊಳ್ಳುವಾಗ ಎರಡು ವಿಷಯ ಕೇಳಿ. ಹಿಂದಿನ ಶಾಕ್‌ನ ಕೆಳ ಬೋಲ್ಟಿನ ಕೊನೆಯ ಬಿಗಿತವನ್ನು ಗಾಡಿಯ ಭಾರ ಚಕ್ರದ ಮೇಲೆ ಬಿದ್ದ ನಂತರ ಕೊಟ್ಟಿದ್ದಾರೆಯೇ? ಚಕ್ರ ಜೋತುಬಿದ್ದಿರುವಾಗಲೇ ಬಿಗಿದರೆ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಅಲೈನ್‌ಮೆಂಟ್‌ನ ಮುದ್ರಿತ ಚೀಟಿ ಇದೆಯೇ? ಸ್ಟ್ರಟ್ ಬಿಚ್ಚಿದ ಮೇಲೆ ಅದು ಆಗಲೇಬೇಕು, ಇಲ್ಲದಿದ್ದರೆ ಟೈರ್ ಒಂದೇ ಅಂಚಿನಲ್ಲಿ ಸವೆಯುತ್ತದೆ. ಸ್ಟೀರಿಂಗ್ ತಿರುಗಿಸುವಾಗ ಸ್ಪ್ರಿಂಗ್ ‘ಟಣ್’ ಅಂದರೆ ಮೇಲಿನ ಬೇರಿಂಗ್ ಅಥವಾ ಸ್ಪ್ರಿಂಗ್ ಸೀಟು ಸರಿಯಾಗಿ ಕೂತಿಲ್ಲ. ಅಲ್ಲೇ ನಿಂತು ಸರಿಪಡಿಸಿಕೊಂಡು ಹೊರಡಿ.